ತೊಳೆದು ಬಳಸುವ ಏರ್ ಫಿಲ್ಟರ್: ಎಂಜಿನ್ ಕಡೆ ಧೂಳು ಬಂದದ್ದು ಎಲ್ಲಿಂದ?

ಕಚ್ಚಾದಾರಿ

ಎಲ್ಲರಿಗೂ ನಮಸ್ಕಾರ. ಸೀಟಿನ ಕೆಳಗೆ ಏರ್‌ಬಾಕ್ಸ್ (ಏರ್ ಫಿಲ್ಟರ್ ಕೂರುವ ಪೆಟ್ಟಿಗೆ) ಇರುವ ಎರಡು ಸಿಲಿಂಡರಿನ ಸಾಹಸ ಬೈಕ್ ನನ್ನದು. ಕಂಪನಿಯ ಕಾಗದದ ಫಿಲ್ಟರ್ ತೆಗೆದು, ತೊಳೆದು ಮತ್ತೆ ಬಳಸಬಹುದಾದ ಹತ್ತಿಯ ಫಿಲ್ಟರ್ ಕೂರಿಸಿದ್ದೇನೆ. ಎಣ್ಣೆ ಹಾಕಿಯೇ ಬಂದಿತ್ತು, ಹಾಗೇ ಹಾಕಿದೆ.

ಮೊನ್ನೆ ಮಣ್ಣುದಾರಿಯಲ್ಲಿ ದೊಡ್ಡ ಸವಾರಿ ಮುಗಿಸಿ ಬಂದ ಮೇಲೆ ಬಿಚ್ಚಿ ನೋಡಿದೆ. ಫಿಲ್ಟರಿನ ಹೊರಮೈ ಕಂದಾಗಿದೆ, ಅದು ಆಗಬೇಕಾದದ್ದೇ. ಆದರೆ ಫಿಲ್ಟರ್ ದಾಟಿದ ಗಾಳಿ ಸೇರುವ ಎಂಜಿನ್ ಕಡೆಯ ಕೋಣೆಯನ್ನು ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆಗೂ ನುಣ್ಣನೆಯ ಹುಡಿ ಹತ್ತಿತು. ಬೆರಳುಗಳ ನಡುವೆ ಉಜ್ಜಿದರೆ ಕೊರೆಯುವ ಹುಡಿ. ಇದನ್ನು ನೋಡಿದಾಗಿನಿಂದ ಬೈಕ್ ಚಾಲೂ ಮಾಡಲು ಮನಸ್ಸು ಬರುತ್ತಿಲ್ಲ.

ಹತ್ತಿ ಧೂಳು ಬಿಡುತ್ತಿದೆಯೇ? ಸ್ಪಂಜಿನಂಥ ಫೋಮ್ ಫಿಲ್ಟರಿಗೆ ಹೋಗಬೇಕೇ? ಅಥವಾ ಕಾಗದಕ್ಕೇ ಮರಳಬೇಕೇ? ತೊಳೆಯುವ, ಎಣ್ಣೆ ಹಾಕುವ ಸರಿಯಾದ ಕ್ರಮವನ್ನೂ ತಿಳಿದವರು ಹೇಳಿ.

ಮೂಲಭಾಗ

ಕಾಗದಕ್ಕೆ ಮರಳಿ. ಒಳ್ಳೆಯ ಕಾಗದದ ಫಿಲ್ಟರ್ ಹತ್ತಿಗಿಂತ ನುಣ್ಣನೆಯ ಕಣಗಳನ್ನು ಹಿಡಿಯುತ್ತದೆ. ಮೇಲೆ ತೆಳುವಾಗಿ ಧೂಳು ಕೂತಷ್ಟೂ ಅದರ ಹಿಡಿತ ಹೆಚ್ಚುತ್ತದೆ, ಏಕೆಂದರೆ ಕೂತ ಧೂಳೇ ಇನ್ನೊಂದು ಜಾಲರಿಯಾಗಿ ಕೆಲಸ ಮಾಡುತ್ತದೆ. ಕಾಗದದಲ್ಲಿ ಎಣ್ಣೆ ಹೆಚ್ಚಾಯಿತು, ಕಡಿಮೆಯಾಯಿತು ಎಂಬ ಪ್ರಶ್ನೆಯೇ ಇಲ್ಲ. ತುಂಬಿದರೆ ಬದಲಿಸುವುದು, ಅಷ್ಟೇ.

ತಯಾರಕರು ಹೇಳುವ ಶೇಕಡಾವಾರು ಲೆಕ್ಕಗಳನ್ನು ಓದುವಾಗಲೂ ಎಚ್ಚರವಿರಲಿ. ಐಎಸ್‌ಒ 5011 ಎಂಬ ಪರೀಕ್ಷಾ ಕ್ರಮವಿದೆ. ಗೊತ್ತಾದ ಗಾತ್ರದ ಪರೀಕ್ಷಾ ಧೂಳನ್ನು ಗೊತ್ತಾದ ಗಾಳಿಯ ವೇಗದಲ್ಲಿ ಹಾಯಿಸಿ ಎಷ್ಟು ಹಿಡಿಯಿತು, ಎಷ್ಟು ಬಿಟ್ಟಿತು, ಗಾಳಿಗೆ ಎಷ್ಟು ಅಡ್ಡಿಯಾಯಿತು ಎಂದು ಅಳೆಯುತ್ತಾರೆ. ಆ ಪರೀಕ್ಷೆಯಲ್ಲಿ ದಪ್ಪ ಧೂಳು ಬಳಸಿದರೋ ನುಣ್ಣನೆಯದನ್ನೋ ಎನ್ನುವುದರ ಮೇಲೆ ಅಂಕ ಬದಲಾಗುತ್ತದೆ. ಯಾವ ಧೂಳು ಎಂದು ಹೇಳದೆ ಶೇಕಡಾ ಮಾತ್ರ ಕೊಟ್ಟರೆ ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಜೋಡಿಚಕ್ರ

ಹತ್ತಿಯ ಮೇಲೆ ಇಷ್ಟು ಬೇಗ ತೀರ್ಪು ಬೇಡ. ನಾನು ಬಹುಕಾಲದಿಂದ ಹತ್ತಿಯ ಫಿಲ್ಟರನ್ನೇ ಬಳಸುತ್ತಿದ್ದೇನೆ, ಎಂಜಿನ್ ಕಡೆ ಒರೆಸಿದರೆ ಬಟ್ಟೆ ಬೆಳ್ಳಗೇ ಬರುತ್ತದೆ. ಹತ್ತಿಯ ನಾಲ್ಕಾರು ಪದರಗಳನ್ನು ಎರಡು ತಂತಿ ಜಾಲರಿಗಳ ನಡುವೆ ಮಡಿಕೆ ಮಡಿಕೆಯಾಗಿ ಇಟ್ಟಿರುತ್ತಾರೆ. ಧೂಳನ್ನು ಹಿಡಿಯುವುದರಲ್ಲಿ ಬಟ್ಟೆಯಷ್ಟೇ ಪಾಲು ಅದರ ಎಳೆಗಳಿಗೆ ಅಂಟಿದ ಎಣ್ಣೆಯದು. ಎಣ್ಣೆ ಸಮನಾಗಿ ಇಲ್ಲದಿದ್ದರೆ ಹತ್ತಿ ಖಂಡಿತ ಬಿಡುತ್ತದೆ. ಹೊಸದಾಗಿ ಬಂದ ಫಿಲ್ಟರನ್ನೂ ಬೆಳಕಿಗೆ ಹಿಡಿದು ನೋಡಿ ಹಾಕಬೇಕು. ನಿಮ್ಮದರಲ್ಲಿ ಬಣ್ಣ ಎಲ್ಲ ಮಡಿಕೆಗಳಲ್ಲೂ ಒಂದೇ ಆಗಿತ್ತೇ? ಪೆಟ್ಟಿಗೆಯಲ್ಲಿ ಬಹಳ ದಿನ ಇದ್ದ ಫಿಲ್ಟರಿನ ಕೆಲವು ಮಡಿಕೆ ಬಿಳಿಚಿರುವುದನ್ನು ನೋಡಿದ್ದೇನೆ.

ಗ್ಯಾರೇಜ್ ಮೂಲೆ

ಕಚ್ಚಾದಾರಿಯವರೇ, ಬೈಕ್ ಚಾಲೂ ಮಾಡದೆ ಇಟ್ಟದ್ದು ಒಳ್ಳೆಯದೇ ಆಯಿತು. ಹುಡಿಯನ್ನು ಪೂರ್ತಿ ಒರೆಸಿಬಿಟ್ಟಿಲ್ಲ ತಾನೇ? ಹಾಗಿದ್ದರೆ ದಯವಿಟ್ಟು ನಿಲ್ಲಿಸಿ. ಅದು ಎಲ್ಲಿ ಕೂತಿದೆ, ಹೇಗೆ ಕೂತಿದೆ ಎನ್ನುವುದರಲ್ಲಿಯೇ ಉತ್ತರವಿದೆ.

ಹತ್ತಿ, ಫೋಮ್, ಕಾಗದ ಎಂದು ಎಲ್ಲರೂ ವಾದಿಸುತ್ತಾರೆ. ನನ್ನ ಕೈಗೆ ಬರುವ ಬೈಕುಗಳಲ್ಲಿ ಧೂಳು ಫಿಲ್ಟರಿನ ಮೂಲಕ ಬಂದದ್ದಕ್ಕಿಂತ ಫಿಲ್ಟರಿನ ಪಕ್ಕದಿಂದ ಬಂದದ್ದೇ ಹೆಚ್ಚು. ಅಂಚು ಕೂತಿಲ್ಲ, ಮುಚ್ಚಳ ಒಂದು ಮೂಲೆಯಲ್ಲಿ ಎದ್ದಿದೆ, ಯಾವುದೋ ವೈರು ಅಂಚಿನ ಕೆಳಗೆ ಸಿಕ್ಕಿಕೊಂಡಿದೆ, ಇಲ್ಲವೇ ಏರ್‌ಬಾಕ್ಸಿನಿಂದ ಥ್ರಾಟಲ್ ಬಾಡಿಗೆ (ಎಂಜಿನ್ನಿಗೆ ಎಷ್ಟು ಗಾಳಿ ಎಂದು ನಿಯಂತ್ರಿಸುವ ಭಾಗಕ್ಕೆ) ಹೋಗುವ ರಬ್ಬರ್ ಕೊಳವೆಯ ಕ್ಲಾಂಪ್ ಸಡಿಲವಾಗಿದೆ. ಗಾಳಿ ಸುಲಭದ ದಾರಿ ಹುಡುಕುತ್ತದೆ. ಫಿಲ್ಟರಿನ ಮೇಲೆ ಧೂಳು ಹೆಚ್ಚಾದಷ್ಟೂ ಒಳಗಿನ ಎಳೆತ ಹೆಚ್ಚಾಗುತ್ತದೆ, ಆ ಬಿರುಕಿನಲ್ಲಿ ಇನ್ನೂ ಜೋರಾಗಿ ಗಾಳಿ ನುಗ್ಗುತ್ತದೆ.

ಎಷ್ಟು ಗಾಳಿ ಎಂದು ಒಂದು ಅಂದಾಜು ಕೊಡುತ್ತೇನೆ. ಸಾವಿರ ಸಿಸಿಯ ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಹೆಚ್ಚೆಂದರೆ ಒಂದು ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 6000 ಸುತ್ತು, ಥ್ರಾಟಲ್ ಪೂರ್ತಿ ತೆರೆದಿದೆ ಎಂದರೆ ನಿಮಿಷಕ್ಕೆ 3000 ಲೀಟರ್ ಹತ್ತಿರ. ಮುಂದಿನ ಬೈಕ್ ಎಬ್ಬಿಸಿದ ಧೂಳಿನ ಮೋಡದಲ್ಲಿ ಇಷ್ಟು ಗಾಳಿ ಎಳೆಯುವಾಗ ಅಂಚಿನಲ್ಲಿ ಉಗುರಿನಷ್ಟು ಸಂದಿಯಿದ್ದರೂ ಸಾಕು. ಮಣ್ಣಿನ ಧೂಳಿನಲ್ಲಿ ಬಹುಪಾಲು ಸ್ಫಟಿಕಶಿಲೆಯ ಕಣ ಇರುತ್ತದೆ. ಮೋಸ್ ಗಡಸುತನದ ಮಾನದಂಡದಲ್ಲಿ ಅದರ ಸ್ಥಾನ 7, ಸಾಮಾನ್ಯ ಉಕ್ಕಿಗಿಂತ ಗಡಸು. ರಿಂಗು, ಸಿಲಿಂಡರ್ ಗೋಡೆ, ವಾಲ್ವಿನ ಆಸನಗಳನ್ನು ಅದು ಅರೆಯುತ್ತದೆ. ಕೆಲವು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಗಾತ್ರದ, ಕಣ್ಣಿಗೆ ಕಾಣದ ಕಣಗಳೇ ಹೆಚ್ಚು ಕೆಟ್ಟವು, ಏಕೆಂದರೆ ಎಂಜಿನ್ ಭಾಗಗಳ ನಡುವಿನ ಎಣ್ಣೆಯ ತೆಳು ಪದರದ ದಪ್ಪಕ್ಕೂ ಅವುಗಳ ಗಾತ್ರಕ್ಕೂ ಸರಿಹೊಂದುತ್ತದೆ.

ಈಗ ಟಾರ್ಚ್ ಹಿಡಿದು ನೋಡಿ. ಹುಡಿ ಇಡೀ ಕೋಣೆಯಲ್ಲಿ ಒಂದೇ ಸಮ ತೆಳುವಾಗಿ ಕೂತಿದ್ದರೆ ಫಿಲ್ಟರ್ ಬಿಡುತ್ತಿದೆ ಎಂದು ಅನುಮಾನಿಸಬಹುದು. ಒಂದು ಜಾಗದಿಂದ ಹೊರಟು ಕೊಳವೆಯ ಕಡೆಗೆ ಬೀಸಿದ ಗೆರೆಯಾಗಿ ಕಂಡರೆ ಆ ಗೆರೆಯ ಹುಟ್ಟಿನಲ್ಲಿ ಸಂದಿಯಿದೆ. ಕೊಳವೆಯ ಒಳಗೆ ಮಾತ್ರ ಇದ್ದು ಕೋಣೆ ಸ್ವಚ್ಛವಾಗಿದ್ದರೆ ಕೊಳವೆ ಸೀಳಿದೆಯೇ, ಕ್ಲಾಂಪ್ ಬಿಗಿಯಾಗಿದೆಯೇ ಎಂದು ಮೊದಲು ನೋಡಿ. ನೋಡುವಾಗ ಥ್ರಾಟಲ್ ಬಾಡಿಯ ಬಾಯಿಗೆ ಶುದ್ಧ ಬಟ್ಟೆ ತುರುಕಿರಲಿ, ಬಿದ್ದ ಹುಡಿ ಒಳಗೆ ಹೋಗಬಾರದು. ಮತ್ತೆ ಜೋಡಿಸುವ ಮೊದಲು ಆ ಬಟ್ಟೆ ತೆಗೆಯಲು ಮರೆಯದಂತೆ ಅದರ ಒಂದು ತುದಿ ಹೊರಗೆ ಇಳಿಬಿಟ್ಟಿರಲಿ.

ಕಚ್ಚಾದಾರಿ

ಪೂರ್ತಿ ಒರೆಸಿಲ್ಲ, ಒಂದು ಬದಿ ಮಾತ್ರ ಒರೆಸಿದ್ದು. ಸಂಜೆ ಟಾರ್ಚ್ ಹಿಡಿದು ನೋಡಿ ತಿಳಿಸುತ್ತೇನೆ. ಜೋಡಿಚಕ್ರ ಅವರೇ, ಮಡಿಕೆಗಳ ಬಣ್ಣ ಒಂದೇ ಆಗಿತ್ತು, ಬಿಳಿಚಿದ ಜಾಗ ಕಾಣಲಿಲ್ಲ.

ದೂರಸವಾರ

ಧೂಳಿನಲ್ಲೇ ಹೆಚ್ಚು ಓಡಾಡುವವರಿಗೆ ಫೋಮ್‌ಗೆ ಸಾಟಿಯಿಲ್ಲ ಎನ್ನುವುದು ನನ್ನ ಗಟ್ಟಿ ನಂಬಿಕೆ. ಕಾಗದ ಬಹುಮಟ್ಟಿಗೆ ಮೇಲ್ಮೈಯಲ್ಲಿ ಧೂಳು ಹಿಡಿಯುತ್ತದೆ. ಫೋಮ್ ತನ್ನ ಇಡೀ ದಪ್ಪದಲ್ಲಿ ಹಿಡಿಯುತ್ತದೆ, ಆದ್ದರಿಂದ ಬಹಳ ಧೂಳು ಕುಡಿದ ಮೇಲೂ ಗಾಳಿ ಕಟ್ಟುವುದಿಲ್ಲ. ಮೋಟೋಕ್ರಾಸ್, ಎಂಡ್ಯೂರೋ ಎಂಬ ಮಣ್ಣುದಾರಿ ರೇಸಿನ ಬೈಕುಗಳಲ್ಲಿ ಫೋಮ್ ಇರುವುದು ಇದಕ್ಕೇ. ಕವಾಸಾಕಿ ಕೆಎಲ್‌ಆರ್ 650ಯಂಥ ಹಳೆಯ ಮಾದರಿಯ ಸಾಹಸ ಬೈಕಿಗೆ ಕಂಪನಿಯೇ ಫೋಮ್ ಕೊಟ್ಟಿದೆ.

ಎರಡು ಪದರದ ಫೋಮ್ ಆದರೆ ಒರಟು ರಂಧ್ರದ ಪದರ ಹೊರಗೆ, ಸಣ್ಣ ರಂಧ್ರದ್ದು ಒಳಗೆ. ಬಿಡಿಯಾಗಿ ಬರುವ ಪದರಗಳಾದರೆ ಅದಲು ಬದಲು ಆಗದಂತೆ ನೋಡಿಕೊಳ್ಳಿ.

ತೊಳೆಯುವ ಕ್ರಮ ಹೇಳುತ್ತೇನೆ. ಮೊದಲು ಕೈಗವಸು. ಫೋಮ್ ತೆಗೆಯುವಾಗ ಧೂಳಿನ ಮೈ ಒಳಮುಖವಾಗುವಂತೆ ಮಡಚಿ ಎತ್ತಿದರೆ ಹುಡಿ ಏರ್‌ಬಾಕ್ಸಿಗೆ ಉದುರುವುದಿಲ್ಲ. ಅದನ್ನು ಹಿಡಿದಿಡುವ ಪಂಜರದಿಂದ ಬಿಡಿಸಿ ಫಿಲ್ಟರ್ ತೊಳೆಯುವ ದ್ರಾವಣದಲ್ಲಿ ಅದ್ದಿ, ಅಂಗೈಗಳ ನಡುವೆ ಒತ್ತಿ ಒತ್ತಿ ಹಳೆಯ ಎಣ್ಣೆ ಬಿಡಿಸಬೇಕು. ಒತ್ತಬೇಕು, ತಿರುಚಬಾರದು. ಬಟ್ಟೆ ಹಿಂಡಿದಂತೆ ತಿರುಚಿದರೆ ಅಂಟಿಸಿದ ಹೊಲಿಗೆ ಬಿಡುತ್ತದೆ, ಫೋಮ್ ಒಳಗೇ ಹರಿಯುತ್ತದೆ, ಹರಿದದ್ದು ಹೊರಗೆ ಕಾಣುವುದೂ ಇಲ್ಲ. ದ್ರಾವಣ ಕಪ್ಪಾದರೆ ಬದಲಿಸಿ ಇನ್ನೊಮ್ಮೆ. ಆಮೇಲೆ ಪಾತ್ರೆ ತೊಳೆಯುವ ಸೌಮ್ಯ ದ್ರವ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ನೊರೆ ಹೋಗುವವರೆಗೆ ಒಳಗಿನಿಂದ ಹೊರಕ್ಕೆ ನೀರು ಹಾಯಿಸಬೇಕು.

ಒಣಗುವುದಕ್ಕೆ ಆತುರ ಬೇಡ. ನೆರಳಿನಲ್ಲಿ ಗಾಳಿಯಾಡುವ ಕಡೆ ಇಡಿ. ಒಳಗೆ ತೇವ ಉಳಿದರೆ ಅಲ್ಲಿ ಎಣ್ಣೆ ಹತ್ತುವುದಿಲ್ಲ, ಎಣ್ಣೆ ಹತ್ತದ ಜಾಗದಲ್ಲಿ ಧೂಳು ಸೀದಾ ದಾಟುತ್ತದೆ. ಮೇಲೆ ಒಣಗಿ ಹೊಲಿಗೆಯ ಹತ್ತಿರ ತೇವ ಉಳಿಯುವುದು ಸಾಮಾನ್ಯ, ಅಲ್ಲಿ ಒಣ ಬಟ್ಟೆಯಿಟ್ಟು ಒತ್ತಿ ನೋಡಿ.

ಎಣ್ಣೆ ಹಾಕುವುದನ್ನು ಪ್ಲಾಸ್ಟಿಕ್ ಚೀಲದೊಳಗೆ ಮಾಡಿದರೆ ಕೈಯೂ ನೆಲವೂ ಉಳಿಯುತ್ತವೆ. ಫೋಮ್ ಚೀಲಕ್ಕೆ ಹಾಕಿ, ಎಣ್ಣೆ ಸುರಿದು, ಚೀಲದ ಹೊರಗಿನಿಂದಲೇ ನಾದಬೇಕು. ಫಿಲ್ಟರ್ ಎಣ್ಣೆಗೆ ಬಣ್ಣ ಹಾಕಿರುವುದೇ ಇದಕ್ಕಾಗಿ: ಬಣ್ಣ ಎಲ್ಲೂ ತೆಳುವಾಗದೆ, ಎಲ್ಲೂ ಗಟ್ಟಿಯಾಗದೆ ಒಂದೇ ಸಮ ಬರುವವರೆಗೆ ನಾದಿ. ಅಂಚು ಮತ್ತು ಹೊಲಿಗೆಯ ಮೂಲೆಗಳು ತಪ್ಪಿಸಿಕೊಳ್ಳುತ್ತವೆ, ಅವನ್ನು ಬಿಡಿಸಿ ನೋಡಿ. ಹೆಚ್ಚಾದದ್ದನ್ನು ಒತ್ತಿ ತೆಗೆದು ಒಂದು ರಾತ್ರಿ ತೂಗುಹಾಕಿ. ಎಣ್ಣೆಯಲ್ಲಿರುವ ದ್ರಾವಕ ಆರಿದ ಮೇಲೆ ಬೆರಳಿಗೆ ಜಿಗುಟಾಗಿ ಹತ್ತಬೇಕು, ಆದರೆ ತೊಟ್ಟಿಕ್ಕಬಾರದು.

ಹೊಸಸವಾರಿ

ದೂರಸವಾರ ಅವರೇ, ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಧನ್ಯವಾದ. ನಾನು ಈ ವಿಷಯಕ್ಕೆ ಹೊಸಬಳು, ಕೆಲವು ಪ್ರಶ್ನೆಗಳಿವೆ. ಫೋಮನ್ನು ಪೆಟ್ರೋಲಿನಲ್ಲಿ ತೊಳೆಯುವುದನ್ನು ಹಲವರು ಮಾಡುತ್ತಾರಲ್ಲ, ಅದು ಸರಿಯೇ? ವಿಶೇಷ ಎಣ್ಣೆಯ ಬದಲು ಎಂಜಿನ್ ಆಯಿಲ್ ಹಾಕಬಹುದೇ? ಮತ್ತೆ ಎಣ್ಣೆ ಹೆಚ್ಚಾದರೆ ಸೆನ್ಸರ್ ಹಾಳಾಗುತ್ತದೆ ಎನ್ನುತ್ತಾರೆ, ಅದು ನಿಜವೇ?

ಗ್ಯಾರೇಜ್ ಮೂಲೆ

ಪೆಟ್ರೋಲ್ ಬೇಡವೇ ಬೇಡ. ಎಣ್ಣೆ ಬಿಡಿಸುತ್ತದೆ, ನಿಜ. ಅದರ ಜೊತೆಗೆ ಹೊಲಿಗೆಯ ಅಂಟನ್ನೂ ಕರಗಿಸುತ್ತದೆ, ಫೋಮ್ ಉಬ್ಬಿ ಸೊರಗುತ್ತದೆ. ಅದಕ್ಕಿಂತ ಮುಖ್ಯವಾಗಿ ನಿಮ್ಮ ಜೀವಕ್ಕೆ ಅಪಾಯ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಿದು ದೂರದ ಕಿಡಿಯವರೆಗೆ ಹೋಗುತ್ತದೆ. ಅದರಲ್ಲಿರುವ ಬೆಂಜೀನ್ ಚರ್ಮದ ಮೂಲಕವೂ ಒಳಗೆ ಸೇರುತ್ತದೆ. ಬಕೆಟ್ಟಿನಲ್ಲಿ ಪೆಟ್ರೋಲ್ ತುಂಬಿ ಬರಿಗೈಯಲ್ಲಿ ಫಿಲ್ಟರ್ ಹಿಚುಕುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಫಿಲ್ಟರ್ ಎಣ್ಣೆ ತಯಾರಿಸಿದವರೇ ಅದಕ್ಕೆ ತಕ್ಕ ದ್ರಾವಣ ಕೊಡುತ್ತಾರೆ, ಜೋಡಿಯಾಗಿ ಬಳಸಿ. ಜೈವಿಕವಾಗಿ ಕೊಳೆಯುವ ಎಣ್ಣೆಗಳು ಬೇರೆ ದ್ರಾವಣಕ್ಕೆ ಬಿಡುವುದೂ ಇಲ್ಲ. ತೊಳೆದ ಕೊಳಕನ್ನು ಚರಂಡಿಗೆ ಸುರಿಯಬೇಡಿ, ಸಂಗ್ರಹಿಸಿ ವಿಲೇವಾರಿಗೆ ಕೊಡಿ.

ಎಂಜಿನ್ ಆಯಿಲ್ ಫೋಮಿನಲ್ಲಿ ನಿಲ್ಲುವುದಿಲ್ಲ. ನಿಂತ ಬೈಕಿನಲ್ಲಿ ನಿಧಾನವಾಗಿ ಕೆಳಗೆ ಇಳಿದು ಮೇಲಿನ ಅರ್ಧ ಒಣಗುತ್ತದೆ, ಕೆಳಗಿನ ಅರ್ಧ ನೆನೆದಿರುತ್ತದೆ. ಫಿಲ್ಟರ್ ಎಣ್ಣೆಯಲ್ಲಿ ಅದನ್ನು ಜಾಗದಲ್ಲೇ ಹಿಡಿದಿಡುವ ಜಿಗುಟು ಪದಾರ್ಥ ಇರುತ್ತದೆ.

ಸೆನ್ಸರಿನ ಮಾತು ಹೆಚ್ಚಾಗಿ ಕಾರುಗಳಿಂದ ಬಂದದ್ದು. ಬಿಸಿ ತಂತಿಯಿಂದ ಗಾಳಿಯ ಪ್ರಮಾಣ ಅಳೆಯುವ ಸೆನ್ಸರ್ ಅಲ್ಲಿ ಸಾಮಾನ್ಯ, ಎಣ್ಣೆ ಹತ್ತಿದರೆ ಅದರ ಲೆಕ್ಕ ತಪ್ಪುತ್ತದೆ. ಬಹುತೇಕ ಬೈಕುಗಳು ಥ್ರಾಟಲ್ ಎಷ್ಟು ತೆರೆದಿದೆ, ಒಳಗಾಳಿಯ ಒತ್ತಡ ಎಷ್ಟು, ಉಷ್ಣತೆ ಎಷ್ಟು ಎಂಬುದರಿಂದ ಇಂಧನದ ಲೆಕ್ಕ ಹಾಕುತ್ತವೆ. ಹಾಗೆಂದು ಎಣ್ಣೆ ಸುರಿಯಬಹುದು ಎಂದಲ್ಲ. ಹೆಚ್ಚಾದ ಎಣ್ಣೆ ಥ್ರಾಟಲ್ ಬಾಡಿಯ ಅಂಚಿನಲ್ಲಿ ಮತ್ತು ಐಡಲ್ (ಥ್ರಾಟಲ್ ತಿರುಗಿಸದಿದ್ದಾಗಿನ ಎಂಜಿನ್ ವೇಗ) ನಿಯಂತ್ರಿಸುವ ಗಾಳಿದಾರಿಯಲ್ಲಿ ಮಡ್ಡಿಯಾಗಿ ಕೂರುತ್ತದೆ, ಬೈಕ್ ಸಿಗ್ನಲ್ಲಿನಲ್ಲಿ ನಿಂತು ಹೋಗಲು ಶುರುವಾಗುತ್ತದೆ.

ಜೋಡಿಚಕ್ರ

ಹತ್ತಿಯ ಕ್ರಮವನ್ನೂ ಸೇರಿಸುತ್ತೇನೆ, ಫೋಮಿನಂತೆ ನಾದಲು ಹೋಗಬಾರದು. ಹೊರಗಿನ ಒಣ ಧೂಳನ್ನು ಮೃದುವಾದ ಬ್ರಷ್‌ನಿಂದ ಉದುರಿಸಿ, ತೊಳೆಯುವ ದ್ರಾವಣವನ್ನು ಎರಡೂ ಮೈಗೆ ಸಿಂಪಡಿಸಿ ಸುಮಾರು 10 ನಿಮಿಷ ಬಿಡಿ. ಅದು ಫಿಲ್ಟರಿನ ಮೇಲೆ ಒಣಗಬಾರದು. ಆಮೇಲೆ ಎಂಜಿನ್ ಕಡೆಯ ಮೈಯಿಂದ ಹೊರಮೈ ಕಡೆಗೆ, ಕಡಿಮೆ ಒತ್ತಡದ ನೀರು. ದಿಕ್ಕು ತಿರುಗಿಸಿದರೆ ಧೂಳನ್ನು ಇನ್ನಷ್ಟು ಒಳಗೆ ತಳ್ಳಿದಂತಾಗುತ್ತದೆ. ಒತ್ತಡದ ಗಾಳಿಯಿಂದ ಊದಬಾರದು, ಬಿಸಿಗಾಳಿಯನ್ನೂ ಹಿಡಿಯಬಾರದು. ಹತ್ತಿಯ ಎಳೆಗಳ ನಡುವಿನ ಜಾಗ ಹಿಗ್ಗುತ್ತದೆ, ಒಮ್ಮೆ ಹಿಗ್ಗಿದರೆ ಸರಿಯಾಗುವುದಿಲ್ಲ.

ಪೂರ್ತಿ ಒಣಗಿದ ಮೇಲೆ ಪ್ರತಿ ಮಡಿಕೆಯ ನೆತ್ತಿಯುದ್ದಕ್ಕೂ ಸಣ್ಣ ಗೆರೆಯಾಗಿ ಎಣ್ಣೆ ಬಿಟ್ಟು ಸುಮ್ಮನೆ ಕಾಯಬೇಕು. ಸುಮಾರು 20 ನಿಮಿಷದಲ್ಲಿ ಎಣ್ಣೆ ತಾನಾಗಿಯೇ ಹರಡುತ್ತದೆ. ಬೆಳಕಿಗೆ ಹಿಡಿದರೆ ಬಿಳಿ ಉಳಿದ ಜಾಗ ಕಾಣುತ್ತದೆ, ಅಲ್ಲಿಗೆ ಮಾತ್ರ ಇನ್ನೊಂದು ಹನಿ. ಕಾಯದೆ ಮೊದಲೇ ಇಡೀ ಫಿಲ್ಟರಿಗೆ ಎರಡನೇ ಸುತ್ತು ಹಾಕುವುದರಿಂದಲೇ ಎಣ್ಣೆ ಹೆಚ್ಚಾಗುವುದು.

ಮೂಲಭಾಗ

ಕಾಗದ ಬಳಸುವವರಿಗೂ ಒಂದು ಮಾತು, ಇಲ್ಲಿಯೇ ಹೇಳಿಬಿಡುತ್ತೇನೆ. ಕೆಲವು ಕಂಪನಿಗಳ ಕಾಗದದ ಫಿಲ್ಟರಿಗೆ ಧೂಳು ಅಂಟುವ ಎಣ್ಣೆಯನ್ನು ಮೊದಲೇ ಹಚ್ಚಿರುತ್ತಾರೆ, ಹೋಂಡಾದ ಹಲವು ಮಾದರಿಗಳಲ್ಲಿ ಹಾಗಿದೆ. ಅವನ್ನು ಊದಿ ಸ್ವಚ್ಛ ಮಾಡಲು ಬರುವುದಿಲ್ಲ, ಬದಲಿಸಲೇಬೇಕು. ಒಣ ಕಾಗದವನ್ನೂ ಗಾಳಿ ಹೊಡೆದು ಹೊಡೆದು ಬಳಸುವವರಿದ್ದಾರೆ. ಹತ್ತಿರದಿಂದ ಹೊಡೆದ ಗಾಳಿಗೆ ಕಾಗದದಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತದೆ.

ಕಚ್ಚಾದಾರಿ

ನೋಡಿದೆ. ಗ್ಯಾರೇಜ್ ಮೂಲೆಯವರು ಹೇಳಿದ ಹಾಗೆಯೇ ಇದೆ. ಒರೆಸದೆ ಬಿಟ್ಟ ಕಡೆ ಕೋಣೆ ಬಹುಪಾಲು ಸ್ವಚ್ಛ. ಎಡ ಹಿಂಬದಿಯ ಮೂಲೆಯಿಂದ ಮಾತ್ರ ಒಂದು ಗೆರೆ ಹೊರಟಿದೆ. ಶುರುವಿನಲ್ಲಿ ಕಡ್ಡಿಯಷ್ಟು ಸಣ್ಣ, ಮುಂದೆ ಬೀಸಣಿಗೆಯಂತೆ ಹರಡಿ ಎಡಗಡೆಯ ಕೊಳವೆಯ ಬಾಯಿಗೆ ಸೇರುತ್ತದೆ. ಬಲಗಡೆಯ ಕೊಳವೆಯೊಳಗೆ ಬೆರಳಿಟ್ಟರೆ ಏನೂ ಹತ್ತುವುದಿಲ್ಲ. ಕ್ಲಾಂಪ್‌ಗಳು ಬಿಗಿಯಾಗಿವೆ. ಫಿಲ್ಟರಿನ ಅಂಚನ್ನು ಆ ಮೂಲೆಯಲ್ಲಿ ಬೆರಳಿಂದ ಸವರಿದೆ, ಹರಿದಿಲ್ಲ, ಮಡಚಿಲ್ಲ. ಹಾಗಾದರೆ ಗಾಳಿ ಹೇಗೆ ನುಸುಳಿತು?

ಗ್ಯಾರೇಜ್ ಮೂಲೆ

ಅಂಚು ಎಲ್ಲೆಲ್ಲಿ ಮುಟ್ಟುತ್ತದೆ ಎಂದು ಗ್ರೀಸಿನಿಂದ ಅಚ್ಚು ತೆಗೆದು ನೋಡೋಣ. ಫಿಲ್ಟರಿನ ರಬ್ಬರ್ ಅಂಚಿಗೆ ಸುತ್ತಲೂ ಬಣ್ಣದ ಗ್ರೀಸನ್ನು ಬಹಳ ತೆಳುವಾಗಿ ಹಚ್ಚಿ. ಅದು ಕೂರುವ ಏರ್‌ಬಾಕ್ಸಿನ ತೋಡನ್ನು ಚೆನ್ನಾಗಿ ಒರೆಸಿ ಒಣಗಿಸಿ. ಫಿಲ್ಟರನ್ನು ಜಾರಿಸದೆ ನೇರವಾಗಿ ಇಳಿಸಿ, ಮುಚ್ಚಳ ಹಾಕಿ, ಸ್ಕ್ರೂಗಳನ್ನು ಎದುರುಬದುರು ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದು ಕಡೆಯಿಂದ ಪೂರ್ತಿ ಬಿಗಿ ಮಾಡುತ್ತಾ ಹೋದರೆ ಇನ್ನೊಂದು ಕಡೆ ಎದ್ದುಬಿಡುತ್ತದೆ. ಆಮೇಲೆ ಹಾಗೆಯೇ ನೇರವಾಗಿ ಬಿಚ್ಚಿ ತೋಡಿನಲ್ಲಿ ಗ್ರೀಸಿನ ಅಚ್ಚು ನೋಡಿ. ಗೆರೆ ಎಲ್ಲೂ ಕಡಿಯದೆ ಸುತ್ತು ಬಂದಿರಬೇಕು. ಕಡಿದ ಕಡೆ ಅಂಚು ತೋಡಿಗೆ ಮುಟ್ಟಿಲ್ಲ.

ಹಳೆಯ ಕಾಗದದ ಫಿಲ್ಟರ್ ಇಟ್ಟುಕೊಂಡಿದ್ದರೆ ಅದರಿಂದಲೂ ಇದೇ ಅಚ್ಚು ತೆಗೆಯಿರಿ. ಎರಡನ್ನೂ ಹೋಲಿಸಿದರೆ ತಪ್ಪು ಏರ್‌ಬಾಕ್ಸಿನದೋ ಫಿಲ್ಟರಿನದೋ ಗೊತ್ತಾಗುತ್ತದೆ.

ಹೊಸಸವಾರಿ

ಇದು ಬಹಳ ಒಳ್ಳೆಯ ಉಪಾಯ. ನನ್ನ ಬೈಕಿನಲ್ಲೂ ಮಾಡಿ ನೋಡುತ್ತೇನೆ. ಆದರೆ ನನ್ನದು ಹೋಂಡಾ ಆಫ್ರಿಕಾ ಟ್ವಿನ್ ಸಿಆರ್‌ಎಫ್ 1000 ಎಲ್, ಎರಡೂ ಬದಿಗೆ ಒಂದೊಂದು ಫಿಲ್ಟರ್ ಇದೆ, ಬದಿಯ ಕವಚಗಳನ್ನು ಬಿಚ್ಚದೆ ಕೈ ಹೋಗುವುದಿಲ್ಲ.

ದೂರಸವಾರ

ಹಾಗಾದರೆ ಎರಡನ್ನೂ ಒಟ್ಟಿಗೇ ನೋಡಿ, ಎರಡನ್ನೂ ಒಟ್ಟಿಗೇ ಬದಲಿಸಿ. ಒಂದು ಬದಿ ಮಾತ್ರ ಹೊಸದಾದರೆ ಗಾಳಿ ಸಮನಾಗಿ ಬರುವುದಿಲ್ಲ.

ಫಿಲ್ಟರ್ ಎಲ್ಲಿದೆ ಎನ್ನುವುದು ನಾವು ಅದನ್ನು ಎಷ್ಟು ಸಲ ನೋಡುತ್ತೇವೆ ಎನ್ನುವುದನ್ನು ನಿರ್ಧರಿಸುತ್ತದೆ. ಯಮಹಾ ಟೆನೆರೆ 700ರಲ್ಲಿ ಸೀಟು ತೆಗೆದರೆ ಸಿಗುತ್ತದೆ. ಸುಜುಕಿ ವಿ-ಸ್ಟ್ರೋಮ್ 650ರಲ್ಲಿ ಪೆಟ್ರೋಲ್ ಟ್ಯಾಂಕ್ ಎತ್ತಬೇಕು. ಟ್ಯಾಂಕ್ ಎತ್ತುವ ಬೈಕ್ ಇರುವವರು ಪ್ರಯಾಣದ ನಡುವೆ ಫಿಲ್ಟರ್ ತೆಗೆಯುವುದಿಲ್ಲ, ತೆಗೆಯಲು ಯಾರಿಗೂ ಮನಸ್ಸಾಗುವುದಿಲ್ಲ. ಅವರಿಗೆ ನನ್ನ ಸಲಹೆ: ಗಾಳಿ ಒಳಹೋಗುವ ಮೂತಿಗೆ ಫೋಮಿನ ಮುಂಫಿಲ್ಟರ್ ಹಾಕಿ. ದಪ್ಪ ಧೂಳನ್ನು ಅದು ಹಿಡಿದರೆ ಒಳಗಿನ ಫಿಲ್ಟರ್ ಬಹುಕಾಲ ಬಾಳುತ್ತದೆ. ಮುಖ್ಯ ಫೋಮಿನ ಮೇಲೆ ಎಳೆದುಕೊಳ್ಳುವ ತೆಳು ಹೊದಿಕೆಗಳೂ ಸಿಗುತ್ತವೆ. ಸಂಜೆ ಡೇರೆಯ ಬಳಿ ಹೊದಿಕೆ ಸುಲಿದು ಇನ್ನೊಂದು ಹಾಕಿದರೆ ಮುಗಿಯಿತು.

ಜೋಡಿಚಕ್ರ

ಮುಂಫಿಲ್ಟರಿಗೂ ಎಣ್ಣೆ ಬೇಕು, ಅದನ್ನೂ ತೊಳೆಯಬೇಕು. ಹಾಕಿ ಮರೆತರೆ ಅದೇ ಗಾಳಿ ಕಟ್ಟುತ್ತದೆ. ಮತ್ತೆ, ಏರ್‌ಬಾಕ್ಸಿನ ಮುಚ್ಚಳ ಕತ್ತರಿಸಿ ದೊಡ್ಡ ಫಿಲ್ಟರ್ ಕೂರಿಸುವವರು ಇಂಧನದ ನಕ್ಷೆಯನ್ನೂ (ಯಾವಾಗ ಎಷ್ಟು ಇಂಧನ ಎಂದು ಬೈಕಿನ ಕಂಪ್ಯೂಟರ್ ಬಳಸುವ ಪಟ್ಟಿ) ಹೊಂದಿಸಿಕೊಳ್ಳಬೇಕು. ಮೂಲ ಜಾಗದಲ್ಲೇ ಕೂರುವ ಹತ್ತಿಗೆ ಅಥವಾ ಫೋಮಿಗೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ. ಶಕ್ತಿ ಹೆಚ್ಚುತ್ತದೆ ಎಂದು ಫಿಲ್ಟರ್ ಬದಲಿಸುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ. ತೊಳೆದು ಬಳಸಬಹುದು, ಹೊಸದು ಸಿಗದ ಕಡೆಯೂ ಕೈಯಲ್ಲೇ ಪರಿಹಾರವಿದೆ ಎನ್ನುವುದಷ್ಟೇ ನನಗೆ ಸಾಕಾದ ಕಾರಣ.

ಕಚ್ಚಾದಾರಿ

ಅಚ್ಚು ತೆಗೆದೆ. ಹಳೆಯ ಕಾಗದದ ಫಿಲ್ಟರಿನದು ಸುತ್ತಲೂ ಒಂದೇ ಅಗಲದ ಗೆರೆ, ಎಲ್ಲೂ ಕಡಿದಿಲ್ಲ. ಹತ್ತಿಯದರಲ್ಲಿ ಮೂರು ಬದಿ ಚೆನ್ನಾಗಿದೆ, ಎಡ ಹಿಂಬದಿಯ ಮೂಲೆಗೆ ಬರುತ್ತಾ ಗೆರೆ ತೆಳುವಾಗಿ, ಮೂಲೆಯ ತಿರುವಿನಲ್ಲಿ ಹೆಬ್ಬೆರಳಿನ ಅಗಲ ಪೂರ್ತಿ ಖಾಲಿ. ಧೂಳಿನ ಗೆರೆ ಹುಟ್ಟಿದ್ದೂ ಸರಿಯಾಗಿ ಅಲ್ಲಿಂದಲೇ. ದಪ್ಪ ಅಳೆಯುವ ವರ್ನಿಯರ್ ಉಪಕರಣ ಹಿಡಿದು ಅಳೆದರೆ ಹಳೆಯ ಫಿಲ್ಟರಿನ ಅಂಚು ಆ ಮೂಲೆಯಲ್ಲಿ ಉಳಿದ ಕಡೆಯಷ್ಟೇ ದಪ್ಪ, ಹತ್ತಿಯದರ ಅಂಚು ಮೂಲೆಯಲ್ಲಿ ತೆಳ್ಳಗಿದೆ. ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಲ್ಲ. ಕಾರ್ಖಾನೆಯಲ್ಲಿ ಅಂಚು ಎರೆಯುವಾಗಲೇ ಹೀಗಾಗಿರಬೇಕು.

ಅಲ್ಲಿಗೆ ದಪ್ಪ ಗ್ರೀಸ್ ಮೆತ್ತಿದರೆ ಆಗುತ್ತದೆಯೇ? ಅಥವಾ ಸಿಲಿಕೋನ್ ಅಂಟು?

ಗ್ಯಾರೇಜ್ ಮೂಲೆ

ಎರಡೂ ಬೇಡ. ಗ್ರೀಸ್ ಇರುವುದು ಸರಿಯಾಗಿ ಕೂತ ಅಂಚಿನ ಸಣ್ಣ ಉಬ್ಬು ತಗ್ಗುಗಳನ್ನು ಮುಚ್ಚಲು, ದಾಟಲು ಬಂದ ಧೂಳನ್ನು ಅಲ್ಲಿಯೇ ಹಿಡಿಯಲು. ಖಾಲಿ ಜಾಗ ತುಂಬಲು ಅಲ್ಲ. ಎಂಜಿನ್ ಬಿಸಿಗೆ ಅದು ಮೆತ್ತಗಾಗಿ ಸರಿಯುತ್ತದೆ. ಸಿಲಿಕೋನ್ ಹಾಕಿದರೆ ಮುಂದಿನ ಸಲ ಬಿಚ್ಚುವಾಗ ಅದರ ಚೂರು ಎಂಜಿನ್ ಕಡೆಗೇ ಬೀಳಬಹುದು. ಆ ಫಿಲ್ಟರನ್ನು ಮಾರಿದವರಿಗೆ ಹಿಂದಿರುಗಿಸಿ, ಗ್ರೀಸಿನ ಅಚ್ಚಿನ ಚಿತ್ರವನ್ನೂ ಅಳತೆಯನ್ನೂ ತೋರಿಸಿ. ಹೊಸದು ಬಂದರೆ ಅದನ್ನೂ ಇದೇ ಪರೀಕ್ಷೆಗೆ ಒಡ್ಡದೆ ಹಾಕಬೇಡಿ. ಅಲ್ಲಿಯವರೆಗೆ ಹೊಸ ಕಾಗದದ ಫಿಲ್ಟರ್ ಹಾಕಿ ಓಡಿಸಿ.

ಹುಡಿಯನ್ನು ತೆಗೆಯುವಾಗ ಊದಬೇಡಿ. ಸ್ವಲ್ಪ ಎಣ್ಣೆ ತಾಗಿಸಿದ ಬಟ್ಟೆಯಿಂದ ಒರೆಸಿ, ಕೊಳವೆಯ ಒಳಗನ್ನೂ ಒರೆಸಿ. ಎಂಜಿನ್ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಈಗಲೇ ಬದಲಿಸಿ. ಮನಸ್ಸಿಗೆ ಸಮಾಧಾನ ಬೇಕಿದ್ದರೆ ಹಳೆಯ ಆಯಿಲಿನ ಸಣ್ಣ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಧೂಳಿನಲ್ಲಿರುವ ಸಿಲಿಕಾನಿನ ಪ್ರಮಾಣ ಏರಿದ್ದು, ಜೊತೆಗೆ ಅಲ್ಯೂಮಿನಿಯಂ ಮತ್ತು ಕಬ್ಬಿಣವೂ ಏರಿದ್ದರೆ ಧೂಳು ಕೆಲಸ ಮಾಡಿದೆ ಎಂದು ಅರ್ಥ. ಸಿಲಿಕಾನ್ ಒಂದೇ ಏರಿದ್ದರೆ ಇತ್ತೀಚೆಗೆ ಎಂಜಿನ್ ಬಿಚ್ಚಿ ಸಿಲಿಕೋನ್ ಸೀಲಂಟ್ ಹಾಕಿದ್ದಾರೆಯೇ ಎಂದು ನೆನಪಿಸಿಕೊಳ್ಳಿ, ಅದರಿಂದಲೂ ಏರುತ್ತದೆ. ಸಿಲಿಂಡರಿನ ಕಂಪ್ರೆಶನ್ (ಒಳಗೆ ಅದುಮಿದ ಗಾಳಿಯ ಒತ್ತಡ) ಪರೀಕ್ಷೆಯಲ್ಲಿ ಎಡ ಬಲ ಎರಡೂ ಹತ್ತಿರ ಹತ್ತಿರ ಬಂದರೆ ನಿಶ್ಚಿಂತೆಯಿಂದ ಓಡಿಸಿ.

ಇನ್ನು ಮುಂದಕ್ಕೆ ಒಂದು ಅಭ್ಯಾಸ ಮಾಡಿಕೊಳ್ಳಿ. ಫಿಲ್ಟರ್ ಹಾಕುವ ಮೊದಲು ಕೋಣೆಯ ಎಂಜಿನ್ ಕಡೆಯ ನೆಲದಲ್ಲಿ ಬೆರಳಿನಷ್ಟು ಜಾಗಕ್ಕೆ ಗ್ರೀಸನ್ನು ತೀರಾ ತೆಳುವಾಗಿ ಸವರಿ. ಮುಂದಿನ ಸಲ ತೆರೆದಾಗ ಅದು ಹೊಳೆಯುತ್ತಿದ್ದರೆ ಎಲ್ಲವೂ ಸರಿ, ಮಂಕಾಗಿ ಕೊರೆಯುವಂತಿದ್ದರೆ ಹುಡುಕಾಟ ಶುರು.

ಕಚ್ಚಾದಾರಿ

ತುಂಬಾ ಉಪಕಾರವಾಯಿತು. ಕಾಗದದ ಫಿಲ್ಟರ್ ತರಿಸಿದ್ದೇನೆ, ಆಯಿಲ್ ನಾಳೆ ಬದಲಿಸುತ್ತೇನೆ. ಹತ್ತಿಯದನ್ನು ಚಿತ್ರಗಳೊಡನೆ ಹಿಂದಿರುಗಿಸುತ್ತಿದ್ದೇನೆ.

ಹೊಸಸವಾರಿ

ನನ್ನ ಕೊನೆಯ ಪ್ರಶ್ನೆ, ಯಾರಾದರೂ ಹೇಳಿ. ಹೊಳೆ ದಾಟುವಾಗ ಬೈಕ್ ಮಗುಚಿ ಫೋಮ್ ನೆನೆದರೆ ದಾರಿಯಲ್ಲಿ ಏನು ಮಾಡುವುದು?

ದೂರಸವಾರ

ಮೊದಲು ಸ್ಟಾರ್ಟರ್ ಒತ್ತಬೇಡಿ. ಏರ್‌ಬಾಕ್ಸಿನ ತಳದಲ್ಲಿ ನೀರು ಬಸಿಯುವ ಸಣ್ಣ ನಳಿಗೆ ಅಥವಾ ಬಿರಡೆ ಇರುತ್ತದೆ, ಅದನ್ನು ತೆಗೆದು ಬಸಿಯಿರಿ. ಫಿಲ್ಟರ್ ತೆಗೆದು ಎಂಜಿನ್ ಕಡೆಯ ಕೋಣೆ ನೋಡಿ. ಅಲ್ಲಿ ನೀರಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರಿನಿಂದ ನೀರು ಹೊರಗೆ ಹಾಕದೆ ಎಂಜಿನ್ ತಿರುಗಿಸುವಂತಿಲ್ಲ, ಏಕೆಂದರೆ ನೀರು ಅದುಮಿದರೆ ಕುಗ್ಗುವುದಿಲ್ಲ, ಪಿಸ್ಟನ್ನಿಗೆ ಸೇರಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದನ್ನು ಬದಲಿಸುವವರೆಗೆ ಓಡಿಸಬಾರದು.

ಫೋಮ್ ಅನ್ನು ಒತ್ತಿ ನೀರು ತೆಗೆಯಬಹುದು, ಆದರೆ ಎಣ್ಣೆಯೂ ಸ್ವಲ್ಪ ಹೋಗಿರುತ್ತದೆ. ಆದ್ದರಿಂದ ನಾನು ಎಣ್ಣೆ ಹಾಕಿ ಸಿದ್ಧವಾದ ಇನ್ನೊಂದು ಫೋಮನ್ನು ಗಾಳಿಯಾಡದ ಚೀಲದಲ್ಲಿ ಸದಾ ಜೊತೆಗೆ ಒಯ್ಯುತ್ತೇನೆ. ಅದೇ ಚೀಲದಲ್ಲಿ ಎರಡು ಜೊತೆ ಕೈಗವಸು, ಒಂದು ಬಿಳಿ ಬಟ್ಟೆ. ತೆಗೆದ ಕೊಳಕು ಫೋಮ್ ಖಾಲಿಯಾದ ಚೀಲಕ್ಕೆ ಹೋಗುತ್ತದೆ.

ಗ್ಯಾರೇಜ್ ಮೂಲೆ

ಇದಕ್ಕೆ ಒಂದು ಸೇರ್ಪಡೆ. ಬೈಕ್ ಮಗುಚಿದಾಗ ಎಂಜಿನ್ನಿನ ಉಸಿರುಕೊಳವೆಯ (ಒಳಗಿನ ಆವಿಯನ್ನು ಏರ್‌ಬಾಕ್ಸಿಗೆ ಬಿಡುವ ಕೊಳವೆ) ಮೂಲಕ ಆಯಿಲ್ ಕೂಡ ಏರ್‌ಬಾಕ್ಸಿಗೆ ಬರುತ್ತದೆ. ಆಯಿಲ್ ಅಳತೆಗಿಂತ ಹೆಚ್ಚು ತುಂಬಿದ್ದರೆ ಮಗುಚದೆಯೂ ಬರುತ್ತದೆ. ಫಿಲ್ಟರಿನ ಒಳಮೈಯೋ ಕೆಳ ಅಂಚೋ ಮಾತ್ರ ಕಪ್ಪಾಗಿ ನೆನೆದಿದ್ದರೆ ಅದು ನೀವು ಹಾಕಿದ ಫಿಲ್ಟರ್ ಎಣ್ಣೆಯಲ್ಲ. ಆಗ ಫಿಲ್ಟರ್ ತೊಳೆದು, ಬೈಕನ್ನು ನೆಟ್ಟಗೆ ನಿಲ್ಲಿಸಿ ಆಯಿಲ್ ಮಟ್ಟವನ್ನು ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ ನೋಡಿ, ಹೆಚ್ಚಿದ್ದರೆ ಅಷ್ಟನ್ನು ತೆಗೆದು ಹೊರಡಿ.